ಮೇಜಿನ ಪಾಲು

ನನಗೆ ಭಾಗಾಕಾರ ಮರೆತುಹೋಗಿದೆಯೇನೋ ಎಂಬ ಭಯ ಎರಡು ದಿನದಿಂದ ಕಾಡುತ್ತಿತ್ತು. ಯಾರಿಗಾದರೂ ಹೇಳಿದರೆ ನಕ್ಕಾರು. ಗಣಿತದಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವಳು, ಅದರ ಪ್ರಮಾಣಪತ್ರಕ್ಕೆ ಅಮ್ಮ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ, ಅಂಥವಳು ಮುನ್ನೂರನ್ನು ಐದರಿಂದ ಭಾಗಿಸಿದರೆ ಎಷ್ಟು ಎಂದು ಅಂಗೈ ಮೇಲೆ ಪೆನ್ನಿನಲ್ಲಿ ಬರೆದು ನೋಡಿಕೊಂಡಳು ಅಂದರೆ! ಡೈರಿಯಲ್ಲಿ ಕೂಡ ಆ ಒಂದು ಸಾಲನ್ನು ಚಿಕ್ಕ ಅಕ್ಷರದಲ್ಲಿ ಬರೆದೆ.

ಅರವತ್ತು. ಎರಡು ಸಲ ನೋಡಿದೆ. ಅರವತ್ತೇ.

ಆದರೆ ಮುನ್ನೂರು ರೂಪಾಯಿಯನ್ನು ಐದು ಜನಕ್ಕೆ ಹಂಚಿ ಎಂದರೆ ನನ್ನ ಪಾಠದ ಹನ್ನೊಂದು ಮಕ್ಕಳೂ ಐವತ್ತು ಎಂದು ಬರೆದಿದ್ದರು. ಒಂದು ಮಗು ತಪ್ಪು ಮಾಡಿದರೆ ಅದು ಆ ಮಗುವಿನ ತಪ್ಪು. ಮೂರು ಮಕ್ಕಳು ಅದೇ ತಪ್ಪು ಮಾಡಿದರೆ ಯಾರೋ ಯಾರದನ್ನೋ ನೋಡಿ ಬರೆದಿದ್ದಾರೆ. ಹನ್ನೊಂದಕ್ಕೆ ಹನ್ನೊಂದೂ ಒಂದೇ ತಪ್ಪು ಮಾಡಿದರೆ ಕಲಿಸಿದವಳೇ ಎಡವಿರಬೇಕು. ಹಾಗಂತ ನಾನು ನಂಬಿದ್ದೆ. ಎಲ್ಲರ ಪುಸ್ತಕಕ್ಕೂ ಕಳ್ಳಿಯಂತೆ ಅವಸರದಲ್ಲಿ ಕೆಂಪು ಶಾಯಿಯ ತಪ್ಪು ಗುರುತು ಹಾಕಿದ್ದೆ.

ನಾನು ಪಾಠ ಹೇಳುವುದು ಸೋದರಮಾವನ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ. ಕಾರ್ಖಾನೆ ಅನ್ನುವುದು ಬೋರ್ಡಿನ ಮಾತು. ಇರುವುದು ಒಂದು ಉದ್ದನೆಯ ಹಾಲ್, ಅದರಲ್ಲಿ ನಾಲ್ಕು ಮೇಜು. ಒಂದೊಂದು ಮೇಜಿಗೆ ಐದೈದು ಹೆಂಗಸರು. ಒಬ್ಬಳು ಹಾಳೆ ಮಡಿಸುತ್ತಾಳೆ, ಒಬ್ಬಳು ಸಾಲಾಗಿ ಜೋಡಿಸುತ್ತಾಳೆ, ಒಬ್ಬಳು ಬೆನ್ನು ಹೊಲಿಯುತ್ತಾಳೆ, ಒಬ್ಬಳು ರಟ್ಟಿಗೆ ಅಂಟು ಬಳಿದು ಕೂರಿಸುತ್ತಾಳೆ, ಐದನೆಯವಳು ಎಣಿಸಿ ಕಟ್ಟು ಕಟ್ಟುತ್ತಾಳೆ. ಮೂಲೆಯಲ್ಲಿ ಅಂಚು ಕತ್ತರಿಸುವ ಯಂತ್ರ ಧಡ್ ಧಡ್ ಎಂದಾಗೆಲ್ಲ ಗೋಡೆಯ ಗಡಿಯಾರದ ಗಾಜು ನಡುಗುತ್ತದೆ. ಹಾಲ್‌ನ ಹಿಂದೆ ಕಾಗದದ ಕೋಣೆ. ಸಂಜೆ ಐದರಿಂದ ಆರೂವರೆವರೆಗೆ, ತಾಯಂದಿರ ಕೆಲಸ ಮುಗಿಯುವ ತನಕ, ಮಕ್ಕಳು ಅಲ್ಲಿ ಕಾಗದದ ಕಟ್ಟುಗಳ ಮೇಲೆ ಕೂತು ನನ್ನಿಂದ ಪಾಠ ಹೇಳಿಸಿಕೊಳ್ಳುತ್ತಾರೆ. ಬೆಳಿಗ್ಗೆ ಮಾವನ ಕೌಂಟರಿನ ಪಕ್ಕದ ಪುಟ್ಟ ಮೇಜಿನಲ್ಲಿ ಗಿರಾಕಿಗಳ ಬಿಲ್ ಬರೆಯುವವಳೂ ನಾನೇ. ಎರಡಕ್ಕೂ ಸೇರಿ ತಿಂಗಳಿಗೆ ಮೂರು ಸಾವಿರ. ಅದನ್ನು ಮಾವ ಕವರಿನಲ್ಲಿ ಹಾಕಿ ನನ್ನ ಕೈಗಲ್ಲ, ಅಮ್ಮನ ಕೈಗೆ ಕೊಡುತ್ತಾರೆ. ಅಮ್ಮ, ನಾನು ಇರುವುದು ಕಾರ್ಖಾನೆಯ ಮಹಡಿ ಮೇಲಿನ ಎರಡು ಕೋಣೆಗಳಲ್ಲಿ. ಬಾಡಿಗೆ ಇಲ್ಲ. ಅಪ್ಪ ಹೋದ ಮೇಲೆ ತಂಗಿಯನ್ನು ಕೈಬಿಡಲಿಲ್ಲ ಎಂದು ಮಾವನ ಬಗ್ಗೆ ಬೀದಿಯಲ್ಲೆಲ್ಲ ಒಳ್ಳೆಯ ಮಾತಿದೆ.

"ನಮ್ಮಲ್ಲಿ ಕೆಲಸದವರ ಮಕ್ಕಳಿಗೆ ಪುಕ್ಕಟೆ ಪಾಠ," ಎಂದು ಮಾವ ಬಂದ ಗಿರಾಕಿಗೆಲ್ಲ ಹೇಳುತ್ತಾರೆ. "ನೋಡಿ, ಅಲ್ಲಿ ಕೂತಿದ್ದಾಳಲ್ಲ, ನಮ್ಮ ಮೌನಮ್ಮ, ಅವಳೇ ಟೀಚರು. ಮಾತು ಕೇಳಿಸ್ಬೇಕು ಅಂದ್ರೆ ಕಿವಿ ಬಾಡಿಗೆಗೆ ತರಬೇಕು, ಅಷ್ಟೇ!"

ಗಿರಾಕಿ ನಗುತ್ತಾನೆ. ನಾನೂ ನಕ್ಕಂತೆ ಮಾಡಿ ಬಿಲ್ ಪುಸ್ತಕದಲ್ಲಿ ಮುಖ ಹುದುಗಿಸುತ್ತೇನೆ.

ಭಯ ಹೋಗಲಾಡಿಸಿಕೊಳ್ಳಲು ಮಾರನೆಯ ದಿನ ಮಕ್ಕಳಿಗೆ ಬೇರೆ ಎರಡು ಲೆಕ್ಕ ಕೊಟ್ಟೆ. ಮೂವತ್ತು ಕಿತ್ತಳೆ, ಐದು ಜನ. ಹನ್ನೊಂದು ಮಕ್ಕಳೂ ಆರು ಎಂದು ಬರೆದರು. ಸರಿ. ನಾನೂರ ಇಪ್ಪತ್ತು ರೂಪಾಯಿ, ಆರು ಜನ. ಹನ್ನೊಂದು ಮಕ್ಕಳೂ ಅರವತ್ತು ಎಂದು ಬರೆದರು. ಎಪ್ಪತ್ತು ಆಗಬೇಕಿತ್ತು. ಕಿತ್ತಳೆಗೆ ಬರುವ ಭಾಗಾಕಾರ ದುಡ್ಡಿಗೆ ಯಾಕೆ ಬರುವುದಿಲ್ಲ?

ಅಳಿಲನ್ನು ಹತ್ತಿರ ಕರೆದೆ. ಅಳಿಲು ಎಂದರೆ ಒಂಬತ್ತು ವರ್ಷದ ಹುಡುಗಿ. ಎದುರಿನ ಎರಡು ಹಲ್ಲು ಉದ್ದ, ಒಂದು ಕಡೆ ನಿಲ್ಲುವವಳಲ್ಲ, ಹಾಗಾಗಿ ಆ ಹೆಸರು. ಕಿಟಕಿ ಪಕ್ಕದ ಮೇಜಿನಲ್ಲಿ ಹೊಲಿಯುವ ಸೂಜಿಯಕ್ಕನ ಮಗಳು. ಲೆಕ್ಕದಲ್ಲಿ ಅವಳಷ್ಟು ಚುರುಕು ಬೇರೆ ಯಾರೂ ಇಲ್ಲ. ಅವಳೂ ಅರವತ್ತು ಎಂದೇ ಬರೆದಿದ್ದಳು.

"ಇದು ಹೇಗೆ ಬಂತು ಹೇಳು."

ಅಳಿಲು ನನ್ನ ಕಡೆ ಕನಿಕರದಿಂದ ನೋಡಿದಳು. "ಟೀಚರಕ್ಕ, ನಿಮಗೆ ಗೊತ್ತಿಲ್ವಾ? ಹಣ್ಣಾದ್ರೆ ಎಷ್ಟು ಜನ ಇದ್ದಾರೋ ಅಷ್ಟೇ. ದುಡ್ಡಾದ್ರೆ ಒಂದು ಸೇರಿಸ್ಕೋಬೇಕು."

"ಯಾಕೆ?"

"ದುಡ್ಡಲ್ವಾ, ಅದಕ್ಕೆ."

"ಆ ಸೇರಿಸ್ಕೊಂಡ ಒಂದು ಯಾರದು?"

"ಮೇಜಿಂದು."

ಹಿಂದಿನ ಕಟ್ಟಿನ ಮೇಲಿಂದ ಹಲ್ಲು ಬಿದ್ದ ಪೋರಿಯೊಬ್ಬಳು ಕೂಗಿದಳು. "ಮೇಜಿಗೆ ನಾಲ್ಕು ಕಾಲು ಅಕ್ಕ! ಅದಕ್ಕೇ ಹಸಿವು ಜಾಸ್ತಿ!"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಮೇಜಿನ ಪಾಲನ್ನು ನಾನೂ ನೋಡಿದ್ದೆ. ಒಂದೂವರೆ ವರ್ಷದಿಂದ ಪ್ರತಿ ಶನಿವಾರ, ಹತ್ತು ಹೆಜ್ಜೆ ದೂರದಲ್ಲಿ ಕೂತು ನೋಡಿದ್ದೆ.

ನಮ್ಮಲ್ಲಿ ಕೂಲಿಯನ್ನು ಒಬ್ಬೊಬ್ಬರಿಗೆ ಲೆಕ್ಕ ಹಾಕಿ ಕೊಡುವುದಿಲ್ಲ. ಸಾವಿರ ಪುಸ್ತಕಕ್ಕೆ ಇಷ್ಟು ಎಂದು ಇಡೀ ಮೇಜಿಗೆ ಕೂಲಿ. ಒಂದು ಮೇಜಿಗೆ ವಾರಕ್ಕೆ ಹೆಚ್ಚುಕಡಿಮೆ ಒಂಬತ್ತು ಸಾವಿರ ಬೀಳುತ್ತದೆ. ಶನಿವಾರ ಸಂಜೆ ಯಂತ್ರ ನಿಲ್ಲಿಸಿ ಮಾವ ಪ್ರತಿ ಮೇಜಿಗೂ ಹೋಗುತ್ತಾರೆ. ಹೆಂಗಸರು ಎದ್ದು ನಿಲ್ಲುತ್ತಾರೆ. ಮಾವ ನೋಟುಗಳನ್ನು ಆರು ಗುಡ್ಡೆ ಮಾಡುತ್ತಾರೆ. ಐದು ಗುಡ್ಡೆ ಐದು ಜನರ ಮುಂದೆ, ಒಂದು ಗುಡ್ಡೆ ನಡುವೆ. ಎಲ್ಲರೂ ತಮ್ಮ ತಮ್ಮದನ್ನು ಎತ್ತಿಕೊಂಡ ಮೇಲೆ ಮಾವ ನಡುವಿನದನ್ನು ಎತ್ತಿ ಜೇಬಿಗೆ ಹಾಕಿಕೊಂಡು, ದುಡಿದು ಬಂದ ಎತ್ತಿನ ಬೆನ್ನು ತಟ್ಟುವಂತೆ ಮೇಜನ್ನು ಎರಡು ಸಲ ತಟ್ಟುತ್ತಾರೆ. "ಇದಕ್ಕೂ ಹೊಟ್ಟೆ ಇದೆಯಮ್ಮ. ಅಂಟು, ದಾರ, ಸೂಜಿ, ಎಲ್ಲ ಇದೇ ತಿನ್ನೋದು." ಹೆಂಗಸರು ತಲೆಯಾಡಿಸುತ್ತಾರೆ. ಯಾವ ಕಾಲದಿಂದಲೋ ಹಾಗೇ ನಡೆದು ಬಂದಿದೆ. ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಾರೆ. ಶಾಲೆಯಲ್ಲಿ ಕಲಿತ ಭಾಗಾಕಾರಕ್ಕಿಂತ ಕಣ್ಣೆದುರು ಕಂಡ ಭಾಗಾಕಾರ ಗಟ್ಟಿ. ಪಾಪ, ಅವರ ತಪ್ಪೇನಿದೆ? ಅವರು ನೋಡಿದ್ದನ್ನೇ ಬರೆದಿದ್ದರು.

ಇಷ್ಟಾದರೂ ನನಗೆ ಸಿಟ್ಟು ಬಂದಿರಲಿಲ್ಲ. ಅಂಟು ದಾರಕ್ಕೆ ಖರ್ಚಿದೆ ತಾನೆ ಎಂದುಕೊಂಡೆ. ದೊಡ್ಡವರು ಮಾಡಿದ ಪದ್ಧತಿ, ಏನೋ ಲೆಕ್ಕ ಇರುತ್ತದೆ. ನನ್ನಂಥವಳಿಗೆ ಯಾವುದಕ್ಕಾದರೂ ಒಂದು ಸಮಾಧಾನ ಹೊಂದಿಸಿಕೊಳ್ಳುವುದು ಕಷ್ಟವಲ್ಲ.

ಸಿಟ್ಟು ಬಂದದ್ದು ಮಾರನೆಯ ಬೆಳಿಗ್ಗೆ ಬಿಲ್ ಬರೆಯುವಾಗ. ಒಂದು ಶಾಲೆಗೆ ಎರಡು ಸಾವಿರ ನೋಟ್‌ಪುಸ್ತಕದ ಬಿಲ್. ಕಾಗದ, ರಟ್ಟು, ಕತ್ತರಿಸಿದ್ದು, ಕೂಲಿ ಎಂದು ಸಾಲಾಗಿ ಬರೆಯುತ್ತ ಹೋದೆ. ಕೈ ಅಭ್ಯಾಸಬಲದಿಂದ ಐದನೆಯ ಸಾಲು ಬರೆಯಿತು: ಅಂಟು, ದಾರ, ಸೂಜಿ ಬಾಬ್ತು. ಪಕ್ಕದಲ್ಲಿ ಮೊತ್ತ. ಪೆನ್ನು ಅಲ್ಲೇ ನಿಂತಿತು.

ಹಳೆಯ ಬಿಲ್ ಪುಸ್ತಕಗಳ ಕಾರ್ಬನ್ ಪ್ರತಿ ತೆಗೆದೆ. ಮೊನ್ನೆಯದು, ಕಳೆದ ತಿಂಗಳದು, ಕಳೆದ ವರ್ಷದ್ದು. ಒಂದೂವರೆ ವರ್ಷದ ಮೂರು ಪುಸ್ತಕ. ಒಂದು ಬಿಲ್ಲಿನಲ್ಲೂ ಆ ಸಾಲು ತಪ್ಪಿರಲಿಲ್ಲ. ಅಂಟಿಗೆ, ದಾರಕ್ಕೆ, ಸೂಜಿಗೆ ಗಿರಾಕಿ ಕೊಡುತ್ತಿದ್ದ. ಅದೇ ಅಂಟಿಗೆ, ಅದೇ ದಾರಕ್ಕೆ, ಅದೇ ಸೂಜಿಗೆ ಇಪ್ಪತ್ತು ಹೆಂಗಸರೂ ಕೊಡುತ್ತಿದ್ದರು. ಕೋತಿ ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿದ ಕತೆ ಎಲ್ಲರಿಗೂ ಗೊತ್ತು. ಇಲ್ಲಿ ಪಾಪದ ಮೇಕೆ ಕೂಡ ಇರಲಿಲ್ಲ, ಮರದ ಮೇಜಿನ ಮೂತಿಗೆ ಒರೆಸಿದ್ದರು. ಮೇಜಿಗೆ ಬಾಯಿಲ್ಲ ನೋಡಿ. ಬಾಯಿದ್ದ ನಾನು ಆ ಸಾಲನ್ನು ಗುಂಡು ಗುಂಡಾದ ಅಕ್ಷರದಲ್ಲಿ ನೂರಾರು ಸಲ ಬರೆದಿದ್ದೆ. ಚೆಂದದ ಅಕ್ಷರ ಎಂದು ಮಾವ ಹೊಗಳಿದ್ದರು ಬೇರೆ.

ಹತ್ತು ಹೆಜ್ಜೆ ದೂರದಲ್ಲಿ ಸೂಜಿಯಕ್ಕ ಬಾಯಲ್ಲಿ ದಾರ ಕಚ್ಚಿಕೊಂಡು ಹೊಲಿಯುತ್ತಿದ್ದಳು. ಅವಳ ಬಲಗೈ ತೋರುಬೆರಳಿನ ತುದಿ ಜಲ್ಲಡಿ. ಆ ಬೆರಳಿನಿಂದ ಸೂಜಿಯ ಖರ್ಚನ್ನೂ ವಸೂಲು ಮಾಡುವುದೆಂದರೆ!

ಆವತ್ತು ಸಂಜೆ ಪಾಠಕ್ಕೆ ಒಂದು ಸ್ಟೂಲ್ ತಂದಿಟ್ಟೆ. ಐದು ಮಕ್ಕಳನ್ನು ಸುತ್ತ ಕೂರಿಸಿ ಬಿಳಿ ಕಾಗದದ ಮೂವತ್ತು ಚೂರು ಕೊಟ್ಟೆ. "ಒಂದೊಂದೂ ಹತ್ತರ ನೋಟು. ನೀವು ಐದು ಜನ ಸೇರಿ ದುಡಿದದ್ದು. ಸಮನಾಗಿ ಹಂಚ್ಕೊಳ್ಳಿ."

ಅಳಿಲು ಯಜಮಾನಿಯಂತೆ ಹಂಚಿದಳು. ಒಬ್ಬೊಬ್ಬರಿಗೆ ಐದು ಚೂರು, ಸ್ಟೂಲಿನ ಮೇಲೆ ಐದು ಚೂರು.

"ಸ್ಟೂಲು ಏನು ಕೆಲಸ ಮಾಡ್ತು?" ಎಂದೆ.

"ನಿಂತಿತ್ತು," ಎಂದಳು ಹಲ್ಲು ಬಿದ್ದ ಪೋರಿ.

"ಮಡಿಸ್ತಾ?"

"ಇಲ್ಲ."

"ಹೊಲೀತಾ? ಎಣಿಸ್ತಾ?"

"ಸ್ಟೂಲಿಗೆ ಎಣಿಸೋಕೆ ಬರಲ್ಲ ಅಕ್ಕ, ಅದು ಶಾಲೆಗೇ ಹೋಗಿಲ್ಲ!" ಮತ್ತೆ ನಗೆ.

"ಹಾಗಾದ್ರೆ ಸ್ಟೂಲಿನ ಮೇಲಿರೋದು ಯಾರದು?"

ನಗು ನಿಂತಿತು. ಮಕ್ಕಳು ಸ್ಟೂಲನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಅಳಿಲು ನಿಧಾನವಾಗಿ ಕೈ ಚಾಚಿ ಐದು ಚೂರುಗಳನ್ನು ಎತ್ತಿ ಒಬ್ಬೊಬ್ಬರ ಗುಡ್ಡೆಗೆ ಒಂದೊಂದು ಇಟ್ಟಳು. "ಆರಾಯ್ತು," ಎಂದಳು. "ಅರವತ್ತು." ಆಮೇಲೆ ತನ್ನ ಪುಸ್ತಕ ಎಳೆದುಕೊಂಡಳು. ನಾನು ಕೊಡದ ಲೆಕ್ಕವನ್ನು ಬರೆದಳು. ಒಂಬತ್ತು ಸಾವಿರವನ್ನು ಐದರಿಂದ ಭಾಗಿಸಿ ಸಾವಿರದ ಎಂಟುನೂರು. ಆರರಿಂದ ಭಾಗಿಸಿ ಸಾವಿರದ ಐನೂರು. ಕಳೆದು ಮುನ್ನೂರು.

"ಅಕ್ಕ, ವರ್ಷಕ್ಕೆ ಎಷ್ಟು ವಾರ?"

"ಐವತ್ತೆರಡು."

ನಾಲಗೆಯನ್ನು ಉದ್ದ ಹಲ್ಲಿನ ನಡುವೆ ಕಚ್ಚಿಕೊಂಡು ಗುಣಿಸಿದಳು. ಅವಳ ಅಮ್ಮ ಆ ಮೇಜಿಗೆ ಬಂದು ನಾಲ್ಕು ವರ್ಷ. ಮತ್ತೆ ನಾಲ್ಕರಿಂದ ಗುಣಿಸಿದಳು. ಅರವತ್ತೆರಡು ಸಾವಿರದ ನಾನೂರು. ಒಂದು ಅಂಕಿಯೂ ತಪ್ಪಿರಲಿಲ್ಲ. ಅವಳು ಅದುವರೆಗೆ ಮಾಡಿದ ಲೆಕ್ಕಗಳಲ್ಲಿ ಅದೇ ಅತಿ ದೊಡ್ಡದು. ನಾನು ಸರಿ ಗುರುತು ಹಾಕಿದೆ. ಆಮೇಲೆ ಏನಾಗಬಹುದೆಂದು ಯೋಚಿಸುವಷ್ಟು ಬುದ್ಧಿ ಆ ಪ್ರಮಾಣಪತ್ರದಲ್ಲಿ ಬರೆದಿರಲಿಲ್ಲ.

ಶನಿವಾರ ಮಾವ ಕಿಟಕಿ ಪಕ್ಕದ ಮೇಜಿನ ಮೇಲೆ ಆರು ಗುಡ್ಡೆ ಮಾಡಿ ನಡುವಿನದಕ್ಕೆ ಕೈ ಹಾಕಿದಾಗ ಸೂಜಿಯಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಯಜಮಾನ್ರೇ, ಒಂದ್ಮಾತು," ಎಂದಳು. "ಅಂಟು ದಾರಕ್ಕೆ ವಾರಕ್ಕೆ ಸಾವಿರದ ಐನೂರು ಆಗತ್ತಾ? ಒಂದೇ ಮೇಜಿಗೆ?"

ಮಾವ ನಕ್ಕರು. "ಏನಮ್ಮ, ಅಂಟಿನ ಅಂಗಡಿ ಇಡೋ ಯೋಚನೆನಾ?"

"ಇಲ್ಲ ಯಜಮಾನ್ರೇ, ಕೇಳ್ದೆ ಅಷ್ಟೇ. ಮಗು ಲೆಕ್ಕ ಮಾಡ್ತು. ನಾಲ್ಕು ವರ್ಷಕ್ಕೆ ಅರವತ್ತೆರಡು ಸಾವಿರ ಚಿಲ್ಲರೆ, ನನ್ನೊಬ್ಬಳದೇ."

ಅದೇ ಮೇಜಿನ ಎಣಿಕೆಯ ಅಜ್ಜಿ, ಅಲ್ಲಿ ಎಲ್ಲರಿಗಿಂತ ಹಳಬಳು, ತನ್ನ ನೋಟು ಎಣಿಸುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಮಾವನ ನಗು ತುಟಿಯಲ್ಲೇ ಉಳಿದು ಕಣ್ಣಿಂದ ಹೋಯಿತು.

"ಮಗು ಲೆಕ್ಕ ಮಾಡ್ತಾ? ಒಳ್ಳೇದಾಯ್ತು. ಯಾರು ಕಲಿಸಿದ್ರಂತೆ?"

ಸೂಜಿಯಕ್ಕ ನನ್ನ ಕಡೆ ನೋಡಲಿಲ್ಲ. ನೋಡಬಹುದಿತ್ತು. "ಯಾರೂ ಕಲಿಸಿಲ್ಲ. ಮಗುಗೆ ತಾನಾಗೇ ಹೊಳೀತು," ಎಂದಳು.

"ಸರಿ. ಹಾಗಾದ್ರೆ ಒಂದು ವಾರ ನೀನು ಮನೇಲಿ ಕೂತ್ಕೊಂಡು ಮಗಳ ಜತೆ ಲೆಕ್ಕ ಮಾಡು. ನಿನ್ನ ಜಾಗ ಖಾಲಿ ಇರತ್ತೆ. ಮುಂದಿನ ಶನಿವಾರ ಮಗಳನ್ನ ಕರ್ಕೊಂಡು ಬಾ. ಎಲ್ಲರೆದುರು, ಮಗು ಲೆಕ್ಕ ತಪ್ಪಾಗಿತ್ತು ಅಂತ ಹೇಳಿಸು. ಸೋಮವಾರದಿಂದ ಬಂದು ಕೂರು. ಹೇಳಿಸಲ್ಲ ಅಂದ್ರೆ, ಹೊಲಿಯೋರು ಬೀದಿಗೊಬ್ಬರು ಸಿಗ್ತಾರೆ."

ಅಷ್ಟು ಹೇಳಿ ನಡುವಿನ ಗುಡ್ಡೆಯನ್ನು ಜೇಬಿಗೆ ಹಾಕಿಕೊಂಡರು. ಮೇಜನ್ನು ಎರಡು ಸಲ ತಟ್ಟಲು ಮರೆಯಲಿಲ್ಲ.

ನಾನು ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದೆ. ನನ್ನ ಮುಂದೆ ಬಿಲ್ ಪುಸ್ತಕ ತೆರೆದೇ ಇತ್ತು. ಎದ್ದು ಒಂದು ಮಾತು ಆಡಿದ್ದರೆ ಸಾಕಿತ್ತು. ಬಾಯಿ ತೆರೆದೆ ಕೂಡ. ಹೊರಗೆ ಬಂದದ್ದು ಗಾಳಿ. ಸೂಜಿಯಕ್ಕ ತನ್ನ ಸೂಜಿ ಚುಚ್ಚಿಡುವ ಬಟ್ಟೆಯುಂಡೆಯನ್ನು ಚೀಲಕ್ಕೆ ಹಾಕಿಕೊಂಡು, ಮಗಳ ಕೈ ಹಿಡಿದು ಹೊರಟಳು. ಅವಳಿಗೆ ಗಂಡ ಇಲ್ಲ. ಅವಳ ಕೂಲಿ ನಿಂತರೆ ಆ ಮನೆಗೆ ಬೇರೆ ಯಾರ ಕೂಲಿಯೂ ಬರುವುದಿಲ್ಲ. ಇದು ಆ ಹಾಲ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು, ಮಾವನಿಗೂ.

ಭಾನುವಾರ ಬೆಳಿಗ್ಗೆ ಡೈರಿಯಲ್ಲಿ ನಾಲ್ಕು ಪುಟ ಬರೆದೆ. ಮಾವನಿಗೆ ಹೇಳಬೇಕಾದ ಮಾತುಗಳು. ಓದಿದರೆ ಯಾವ ವಕೀಲನೂ ಮೆಚ್ಚಬೇಕು, ಹಾಗಿತ್ತು. ಆಮೇಲೆ ಕೆಳಗೆ ಮೆಟ್ಟಿಲ ಮೇಲೆ ಮಾವನ ಚಪ್ಪಲಿ ಸದ್ದು ಕೇಳಿ ಪುಸ್ತಕವನ್ನು ದಿಂಬಿನ ಕೆಳಗೆ ತಳ್ಳಿದೆ.

ಮಾವ ಕುರ್ಚಿ ಎಳೆದುಕೊಂಡು ಕೂತರು. ಅಮ್ಮ ಟೀ ತಂದಿಟ್ಟಳು.

"ಮೌನಮ್ಮ," ಎಂದರು ಮೃದುವಾಗಿ, "ನಾನು ದಡ್ಡ ಅಲ್ಲ ಕಣೇ. ಆ ಮಗುಗೆ ತಾನಾಗೇ ಹೊಳೀತಂತೆ! ಇರಲಿ ಬಿಡು. ಕೂಡೋದು ಹೇಳ್ಕೊಡು, ಗುಣಿಸೋದು ಹೇಳ್ಕೊಡು. ಬೆಳೆಯೋ ಮಕ್ಕಳಿಗೆ ಹೆಚ್ಚಾಗೋ ಲೆಕ್ಕ ಒಳ್ಳೇದು. ಭಾಗ ಮಾಡೋದು ಯಾಕೆ ಈಗಲೇ?"

ನಾನು ನೆಲ ನೋಡುತ್ತ, "ಮಾವ, ಅಂಟು ದಾರದ್ದು ಬಿಲ್ಲಲ್ಲಿ..." ಎಂದೆ. ಅಷ್ಟು ಹೊರಬರಲು ಬೆವರು ಹರಿಯಿತು.

"ಬಿಲ್ಲಲ್ಲಿ?" ಎಂದರು. ಕಿವಿಯ ಹಿಂದೆ ಕೈ ಹಿಡಿದರು, ಗಿರಾಕಿಗಳ ಮುಂದೆ ಹಿಡಿಯುವ ಹಾಗೆ. "ಜೋರಾಗಿ ಹೇಳು ಮಗಳೇ."

ನಾನು ದಿಂಬಿನ ಕೆಳಗಿನ ಡೈರಿಯನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ.

ಮಾವ ಟೀ ಕುಡಿದು ಲೋಟ ಕೆಳಗಿಟ್ಟರು. "ನಿನ್ನ ಮೂರು ಸಾವಿರ ಎಲ್ಲಿಂದ ಬರತ್ತೆ ಅಂದ್ಕೊಂಡಿದ್ದೆ? ಆಕಾಶದಿಂದ ಉದುರತ್ತಾ? ಪುಕ್ಕಟೆ ಪಾಠ ಅಂತ ನಾನು ಹೇಳ್ತೀನಿ, ಅದು ಯಾರ ದುಡ್ಡು? ಮೇಜಿನ ಪಾಲಲ್ಲೇ ನಿಂಗೂ ಕೊಡೋದು. ಅವರ ಮಕ್ಕಳಿಗೇ ಖರ್ಚಾಗತ್ತಲ್ವಾ? ತಪ್ಪೇನಿದೆ ಹೇಳು."

ಅವರು ಇಳಿದುಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ನಾಲ್ಕು ಮೇಜಿನಿಂದ ವಾರಕ್ಕೆ ಆರು ಸಾವಿರ, ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ. ಅದರಲ್ಲಿ ಮೂರು ಸಾವಿರ ನನ್ನ ಕಡೆಗೆ ಎಸೆದು, ಉಳಿದ ಇಪ್ಪತ್ತೊಂದು ಸಾವಿರಕ್ಕೆ ನನ್ನನ್ನು ಸಾಕ್ಷಿ ಮಾಡಿಕೊಂಡಿದ್ದರು. ಪಾಠಕ್ಕೆ ತಾಯಂದಿರೇ ದುಡ್ಡು ಕೊಡುತ್ತಿದ್ದರು, ಹೆಸರು ಮಾವನಿಗೆ. ತಾವೇ ಕೊಟ್ಟ ದುಡ್ಡಿಗೆ ಆ ಹೆಂಗಸರು ಹಾದುಹೋಗುವಾಗೆಲ್ಲ ನನಗೆ, "ನಿಮ್ಮಿಂದ ಉಪಕಾರ ಆಯ್ತು ಟೀಚರಕ್ಕ," ಎನ್ನುತ್ತಿದ್ದರು. ನಾನು ನಾಚಿಕೊಂಡು ಪರವಾಗಿಲ್ಲ ಎನ್ನುತ್ತಿದ್ದೆ. ಪರವಾಗಿಲ್ಲವಂತೆ!

"ಉಂಡ ಮನೆ ಜಂತೆ ಎಣಿಸ್ಬಾರದು," ಎಂದಳು ಅಮ್ಮ, ಲೋಟ ತೊಳೆಯುತ್ತ.

"ಎಣಿಸ್ತಿರೋದು ಜಂತೆ ಅಲ್ಲಮ್ಮ, ನೋಟು."

"ಈ ಸೂರು ಹೋದ್ರೆ ಎಲ್ಲಿಗೆ ಹೋಗೋಣ ಹೇಳು? ನಿಂಗೆ ಅಂಗಡಿಯವನ ಹತ್ರ ಚಿಲ್ಲರೆ ವಾಪಸ್ ಕೇಳೋಕೂ ಬಾಯಿ ಬರಲ್ಲ. ಊರಿನ ನ್ಯಾಯ ಮಾಡೋಕೆ ಹೊರಟಿದ್ದಾಳೆ." ಅವಳ ಮಾತಲ್ಲಿ ಕೋಪಕ್ಕಿಂತ ಹೆದರಿಕೆ ಹೆಚ್ಚು. ನನಗೆ ಅವಳ ಮೇಲೂ ಸಿಟ್ಟು ಬಂತು, ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದರ ಮೇಲೂ.

ಸೋಮವಾರ, ಮಂಗಳವಾರ, ಬುಧವಾರ ಅಳಿಲು ಪಾಠಕ್ಕೆ ಬರಲಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ನಾಲ್ಕೇ ಜನ. ರಟ್ಟು ಕೂರಿಸುವವಳೇ ಮಧ್ಯೆ ಮಧ್ಯೆ ಹೊಲಿಗೆಗೂ ಕೈ ಹಾಕುತ್ತಿದ್ದಳು, ಪುಸ್ತಕಗಳು ಸೊಟ್ಟಗೆ ಬರುತ್ತಿದ್ದವು. "ಅರ್ಧ ಬೆನ್ನು ಮುರ್ಕೊಂಡ ಮುದುಕಿ ಹಾಗೆ ಇದೆ ನಮ್ಮ ಮೇಜು," ಎಂದು ಎಣಿಕೆಯ ಅಜ್ಜಿ ಯಾರಿಗೂ ಕೇಳಿಸದಂತೆ, ಅಂದರೆ ಎಲ್ಲರಿಗೂ ಕೇಳಿಸುವಂತೆ ಗೊಣಗುತ್ತಿದ್ದಳು. ಮಾವನ ಎದುರು ಮಾತ್ರ ಎಲ್ಲರ ಬಾಯಿಗೂ ಅಂಟು.

ಗುರುವಾರ ಅಳಿಲು ಬಂದಳು. ಕುಣಿಯಲಿಲ್ಲ, ಹಾರಲಿಲ್ಲ. ಬಾಗಿಲ ಬಳಿಯ ಕಟ್ಟಿನ ಮೇಲೆ ಕೂತು ಪುಸ್ತಕ ತೆಗೆದಳು. ನಾನು ಗುಣಾಕಾರದ ಲೆಕ್ಕ ಹಾಕಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮಾವ ಹೇಳಿದಂತೆಯೇ ಗುಣಾಕಾರ ಹಾಕಿದ್ದೆ. ಅವಳು ಅದನ್ನು ಬರೆಯಲಿಲ್ಲ. ಬೇರೇನೋ ಬರೆದು ತಂದು ನನ್ನ ಮುಂದಿಟ್ಟಳು.

ಒಂಬತ್ತು ಸಾವಿರ, ಐದು ಜನ, ಒಬ್ಬರಿಗೆ ಸಾವಿರದ ಐನೂರು. ಒಂದಾದ ಮೇಲೆ ಒಂದರಂತೆ ಹತ್ತು ಸಲ ಬರೆದಿದ್ದಳು.

"ಇದೇನು?"

"ಅಭ್ಯಾಸ ಮಾಡ್ತಿದ್ದೀನಿ ಅಕ್ಕ. ಶನಿವಾರ ಹೇಳೋವಾಗ ಬಾಯಿ ತಪ್ಪಿ ಎಂಟುನೂರು ಬಂದ್ಬಿಟ್ರೆ?" ಕೆಂಪು ಪೆನ್ನನ್ನು ನನ್ನ ಕಡೆ ತಳ್ಳಿದಳು. "ಸರಿ ಹಾಕಿ ಅಕ್ಕ. ಅಮ್ಮ ಹೇಳಿದ್ದಾಳೆ, ಟೀಚರಕ್ಕನ ಹತ್ರ ಸರಿ ಹಾಕಿಸ್ಕೊಂಡು ಬಾ ಅಂತ. ಯಜಮಾನ್ರಿಗೆ ತೋರಿಸೋಕೆ."

ಪೆನ್ನು ಹಿಡಿದೆ. ಆ ಮಗು ಲೆಕ್ಕವನ್ನು ಮರೆತಿರಲಿಲ್ಲ. ಸರಿ ಯಾವುದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ಬಾಯಿಪಾಠ ಮಾಡುತ್ತಿದ್ದಳು, ನಾವೆಲ್ಲ ಮಗ್ಗಿ ಮಾಡಿದಂತೆ. ಇದಕ್ಕಿಂತ ಮೊದಲಿನ ಅಜ್ಞಾನವೇ ಎಷ್ಟೋ ಮೇಲಾಗಿತ್ತಲ್ಲ. ಆಗ ಅವಳು ನಿಜವೆಂದು ನಂಬಿ ತಪ್ಪು ಬರೆಯುತ್ತಿದ್ದಳು. ಒಂಬತ್ತು ವರ್ಷಕ್ಕೇ ದೊಡ್ಡವರ ವಿದ್ಯೆ ಕಲಿಸಿಬಿಟ್ಟಿದ್ದೆವು, ಮಾವ ಮತ್ತು ನಾನು ಸೇರಿ.

ಸರಿಯನ್ನೂ ಹಾಕಲಿಲ್ಲ, ತಪ್ಪನ್ನೂ ಹಾಕಲಿಲ್ಲ. ಪೆನ್ನು ಮುಚ್ಚಿ ಪುಸ್ತಕ ವಾಪಸ್ ಕೊಟ್ಟೆ. ಅಳಿಲು ಗುರುತಿಲ್ಲದ ಪುಟವನ್ನು ನೋಡಿದಳು, ನನ್ನನ್ನು ನೋಡಿದಳು. "ನಿಮಗೂ ಹೆದರಿಕೆನಾ ಅಕ್ಕ?" ಎಂದಳು. ಕುಹಕವಿರಲಿಲ್ಲ. ಬರೀ ಪ್ರಶ್ನೆ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಚುರುಗುಟ್ಟುತ್ತಿರಲಿಲ್ಲ.

ಶನಿವಾರ ಯಂತ್ರ ನಿಂತಿತು. ಮಾವ ಈ ಸಲ ಕಿಟಕಿ ಪಕ್ಕದ ಮೇಜನ್ನು ಕೊನೆಗಿಟ್ಟುಕೊಂಡರು. ಉಳಿದ ಮೂರು ಮೇಜಿನವರಿಗೂ, "ಯಾರೂ ಹೋಗ್ಬೇಡಿ, ಒಂದು ಪಾಠ ಇದೆ," ಎಂದು ಹೇಳಿ ನಿಲ್ಲಿಸಿದರು. ಮಕ್ಕಳಿಗೆ ಬಿಸ್ಕತ್ತಿನ ಪೊಟ್ಟಣ ಹಂಚಿದರು. ಖುಷಿಯಾಗಿಯೇ ಇದ್ದರು. ಮಾವ ಕೆಟ್ಟವರಂತೆ ಕಾಣುವುದೇ ಇಲ್ಲ.

ಸೂಜಿಯಕ್ಕ ಬಾಗಿಲ ಬಳಿ ಮಗಳ ಭುಜದ ಮೇಲೆ ಕೈಯಿಟ್ಟು ನಿಂತಿದ್ದಳು. ಒಂದು ವಾರದಲ್ಲಿ ಮುಖ ಚಿಕ್ಕದಾಗಿತ್ತು.

"ಬಾ ಮರಿ, ಮುಂದೆ ಬಾ," ಮಾವ ಅಳಿಲನ್ನು ಕರೆದರು. "ಭಾರೀ ಲೆಕ್ಕದ ಮೇಷ್ಟ್ರಂತೆ ನೀನು. ಕೇಳ್ತೀನಿ, ಜೋರಾಗಿ ಹೇಳ್ಬೇಕು. ಮಾಮೂಲಿ ವಾರದಲ್ಲಿ ಈ ಮೇಜಿಗೆ ಒಂಬತ್ತು ಸಾವಿರ. ಐದು ಜನ. ಒಬ್ಬರಿಗೆ ಎಷ್ಟು?"

ಅಳಿಲು ಅಮ್ಮನ ಕಡೆ ತಿರುಗಿದಳು. ಸೂಜಿಯಕ್ಕ ನೆಲ ನೋಡಿದಳು. ಯಾರೋ ಒಬ್ಬಳು ಕೆಮ್ಮಿದಳು.

"ಸಾವಿರದ," ಎಂದು ಅಳಿಲು ನಿಂತಳು. "ಸಾವಿರದ ಐನೂರು."

"ಭೇಷ್! ಹಾಗಾದ್ರೆ ಆವತ್ತು ಮಾಡಿದ ಲೆಕ್ಕ?"

"ತಪ್ಪು."

"ಕೇಳಿದ್ರೇನಮ್ಮ ಎಲ್ಲರೂ? ಮಗು ಬಾಯಿ, ದೇವರ ಬಾಯಿ." ಮಾವ ನೋಟಿನ ಕಟ್ಟು ಬಿಚ್ಚಿ ಗುಡ್ಡೆ ಮಾಡತೊಡಗಿದರು. ಒಂದು, ಎರಡು, ಮೂರು. ಅಷ್ಟರಲ್ಲಿ ಏನೋ ನೆನಪಾದಂತೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಅದೇ ನಗು. "ಓ, ಟೀಚರನ್ನ ಕೇಳೋದೇ ಮರೆತೆ! ಗಣಿತದಲ್ಲಿ ಡಿಗ್ರಿ ಮಾಡಿದೋರು ನಮ್ಮನೇಲೇ ಇದ್ದಾರೆ. ಏನೇ ಮೌನಮ್ಮ, ಹುಡುಗಿ ಹೇಳಿದ್ದು ಸರಿನಾ? ತಲೆ ಆಡಿಸು ಸಾಕು, ಮಾತಿನ ಶ್ರಮ ಬೇಡ."

ಕೆಲವರು ನಕ್ಕರು. ನಗಬೇಕೆಂದು ನಕ್ಕ ನಗು. ಮಹಡಿಯ ಮೆಟ್ಟಿಲ ಮೇಲೆ ಅಮ್ಮ ನಿಂತಿದ್ದಳು, ಕೈಯಲ್ಲಿ ಟೀ ತಟ್ಟೆ. ಕಣ್ಣಲ್ಲೇ ತಲೆಯಾಡಿಸು ಎನ್ನುತ್ತಿದ್ದಳು. ಆಡಿಸಿದರೆ ಮುಗಿಯಿತು. ಸೂಜಿಯಕ್ಕನಿಗೆ ಸೋಮವಾರ ಜಾಗ, ನಮಗೆ ಸೂರು, ಮೇಜಿಗೆ ಪಾಲು. ಅಳಿಲು ನನ್ನನ್ನು ನೋಡುತ್ತಲೇ ಇರಲಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದಿದ್ದಳು, ಒಡೆಯದೆ. ಅವಳು ನನ್ನಿಂದ ಏನನ್ನೂ ಎದುರುನೋಡುತ್ತಿರಲಿಲ್ಲ ಎಂಬುದು ಆ ನಿಲುವಿನಲ್ಲೇ ಇತ್ತು.

ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಬಿಲ್ ಪುಸ್ತಕ ತೆಗೆದುಕೊಂಡು ಆ ಹತ್ತು ಹೆಜ್ಜೆ ನಡೆದೆ. ಮೇಜಿನ ಮೇಲೆ, ಮೂರು ಗುಡ್ಡೆಗಳ ಪಕ್ಕದಲ್ಲಿ, ಪುಸ್ತಕವನ್ನು ಬಿಚ್ಚಿಟ್ಟೆ.

"ತಪ್ಪು ಮಾವ," ಎಂದೆ. ದನಿ ಒಡೆದಿತ್ತು, ಆದರೆ ಹಿಂದಿನ ಮೇಜಿನ ಹೆಂಗಸರೂ ತಲೆಯೆತ್ತಿದರು. "ಅವಳು ಆವತ್ತು ಮಾಡಿದ ಲೆಕ್ಕಾನೇ ಸರಿ. ಅಂಟು, ದಾರ, ಸೂಜಿಯ ದುಡ್ಡನ್ನ ನಾವು ಗಿರಾಕಿಗಳ ಹತ್ರ ತಗೊಂಡಾಗಿದೆ, ಪ್ರತಿ ಬಿಲ್ಲಲ್ಲೂ ನನ್ನ ಕೈಯಿಂದಲೇ ಬರೆದಿದ್ದೀನಿ."